ಹಳದಿ ಬಳಿದ ಮೂರು ದೋಣಿಗಳು

ಚುನಾವಣೆ ಸುದ್ದಿಗೆ ಅಂತ ಸಿಂಧನೂರಿಗೆ ಹೋಗಿದ್ದೆ. ಆರ್.ಎಚ್. ಕ್ಯಾಂಪಿನ ಚಹಾದಂಗಡಿ ಮುಂದೆ ಕ್ಯಾಮೆರಾ ನಿಲ್ಲಿಸಿ ಮೈಕ್ ಸರಿ ಮಾಡ್ಕೊಳ್ತಾ ಇದ್ದೆ. ಬೆಂಚಿನ ಮೇಲೆ ಕೂತಿದ್ದ ಒಬ್ಬ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಸರ, ನೀವು ಆ ಟಿವಿಯೋರಲ್ಲೇನು? ಹೋದ ವರ್ಷ ನಮ್ಮ ಓಣಿ ತೋರಿಸಿ ಕೆಳಗ ಏನಂತ ಬರದಿದ್ರಿ?"

ನನಗೆ ನೆನಪಾಗೋಕೆ ಒಂದೆರಡು ಕ್ಷಣ ಬೇಕಾಯ್ತು. ನೆನಪಾದ ಮೇಲೆ ಮೈಕ್ ಕೆಳಗಿಟ್ಟೆ. ಬೆಂಗಳೂರಿನ ಅಕ್ರಮ ವಲಸಿಗರ ಬಗ್ಗೆ ನಾನೇ ನಡೆಸಿಕೊಟ್ಟ ಒಂದು ಚರ್ಚೆ ಅದು. ನಾಲ್ಕು ಜನ ಕಿರುಚಾಡುವಾಗ ಪರದೆಯ ಅರ್ಧ ಭಾಗ ತುಂಬಿಸೋಕೆ ಏನಾದರೂ ದೃಶ್ಯ ಬೇಕಲ್ಲ? ಯಾರೋ ಲೈಬ್ರರಿಯಲ್ಲಿ 'ಬಾಂಗ್ಲಾ ಕ್ಯಾಂಪ್' ಅಂತ ಹುಡುಕಿದ್ದಾರೆ. ಸಿಕ್ಕಿದ್ದು ಈ ಓಣಿಯ ಹಳೇ ದೃಶ್ಯ. ಕೆಳಗೆ ದಪ್ಪ ಅಕ್ಷರದಲ್ಲಿ 'ಅಕ್ರಮ ಬಾಂಗ್ಲಾ ವಲಸಿಗರು' ಅಂತ ಪಟ್ಟಿ ಓಡಿದೆ. ನಾನು ಅದರ ಪಕ್ಕದಲ್ಲೇ ಕೂತು ಮಾತಾಡ್ತಾ ಇದ್ದೆ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಇರೋರು ಬೇಲಿ ಹಾರಿ ಬಂದವರಲ್ಲ. ಅಂದಿನ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರವೇ ಇಲ್ಲಿಗೆ ಕರೆತಂದು ನೆಲೆಗೊಳಿಸಿತು. ಐವತ್ತು ವರ್ಷದ ಮೇಲಾಯ್ತು. ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೀತಾರೆ, ದಸರಾ ಹೊತ್ತಿಗೆ ದುರ್ಗಾಪೂಜೆ ಮಾಡ್ತಾರೆ, ಮಕ್ಕಳು ಕನ್ನಡ ಶಾಲೆಯಲ್ಲಿ ಓದ್ತಾರೆ. ನಾನು ಪಕ್ಕದ ಮಸ್ಕಿಯವನು. ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಬಂಗಾಳಿ ಮಾತು ಕೇಳಿಕೊಂಡೇ ಬೆಳೆದವನು. ಆ ದೃಶ್ಯ ಬೇರೆ ಯಾರಿಗೆ ಗುರುತು ಸಿಗದಿದ್ದರೂ ನನಗೆ ಸಿಗಬೇಕಿತ್ತು.

ಕ್ಷಮೆ ಕೇಳಿದೆ. ಅಜ್ಜ ಅದಕ್ಕೆ ಹೂಂ ಅನ್ನಲೂ ಇಲ್ಲ, ಉಹುಂ ಅನ್ನಲೂ ಇಲ್ಲ. ಚಹಾ ಹೇಳಿದರು.

"ನಮ್ಮದು ಖುಲ್ನಾ ಕಡೆ, ತಮ್ಮಾ. ರೂಪ್ಸಾ ನದಿ. ಯುದ್ಧ ಆದಾಗ ನಾವಿನ್ನ ಅಲ್ಲಿರಲಿಲ್ಲ, ಮೊದಲ ಬಂದಿದ್ವಿ. ಅಲ್ಲೂ ಹಿಂಗ ಆಗಿತ್ತಂತ. ದೋಣಿ ತಲಿಮ್ಯಾಗ ಹಳದಿ ಬಣ್ಣ ಬಳಕೊಂಡು ಹೊಂಟಿದ್ರಂತ, ನಾವು ನಿಮ್ಮೋರು ಅಂತ ತೋರಸಾಕ. ಆದ್ರೂ ನಮ್ಮ ಇಮಾನಾನ ಬಂದು ಹೊಡದ್ವು."

"ಪಾಕಿಸ್ತಾನದ ವಿಮಾನ ಇರಬೇಕು, ಅಜ್ಜಾರ."

"ಎಂಜಿನಿಯರಿಂಗ್ ಓದೀನಿ ಅಂತೀರಿ. ಹೋಗಿ ಇದನ್ನೂ ಓದ್ರಿ."

ಬೆಂಗಳೂರಿಗೆ ವಾಪಸ್ ಬಂದು ಓದಿದೆ. ಅಜ್ಜ ಹೇಳಿದ್ದು ನಿಜ.

ಕಥೆ ಹೀಗಿದೆ. 1971ರ ಬಾಂಗ್ಲಾ ಯುದ್ಧ ಅಂದ ತಕ್ಷಣ ನಮಗೆ ನೆನಪಾಗೋದು ಢಾಕಾದ ಶರಣಾಗತಿಯ ಆ ಫೋಟೋ, ಕರಾಚಿ ಬಂದರಿನ ಬೆಂಕಿ, ಐಎನ್‌ಎಸ್ ವಿಕ್ರಾಂತ್. ಅದರ ಜೊತೆಗೇ ನಡೆದ ಇನ್ನೊಂದು ಯುದ್ಧ ಸುಂದರಬನದ ನದಿಗಳಲ್ಲಿತ್ತು. ನಮ್ಮ ನೌಕಾಪಡೆ ಮುಕ್ತಿಬಾಹಿನಿಯ ಹುಡುಗರಿಗೆ ಪ್ಲಾಸಿಯಲ್ಲಿ, ಭಾಗೀರಥಿ ನದಿ ದಂಡೆಯಲ್ಲಿ, ಗುಟ್ಟಾಗಿ ಈಜು ಮತ್ತು ಸ್ಫೋಟಕದ ತರಬೇತಿ ಕೊಡ್ತಿತ್ತು. ಕಮಾಂಡರ್ ಎಂ.ಎನ್.ಆರ್. ಸಾಮಂತ್ ಈ ಕೆಲಸದ ಮುಂದಾಳು. ಇದರ ಜೊತೆಗೆ ಕೋಲ್ಕತ್ತಾ ಬಂದರಿನ ಎರಡು ದೋಣಿಗಳಿಗೆ 40 ಮಿಲಿಮೀಟರ್ ಬೋಫೋರ್ಸ್ ತೋಪು ಕೂರಿಸಿ ಯುದ್ಧದೋಣಿ ಮಾಡಿದರು. ಹೆಸರು ಪದ್ಮಾ ಮತ್ತು ಪಲಾಶ್. ಅಧಿಕಾರಿಗಳು ಭಾರತೀಯರು, ಸಿಬ್ಬಂದಿಯಲ್ಲಿ ಬಹಳಷ್ಟು ಜನ ಪಾಕಿಸ್ತಾನದ ನೌಕಾಪಡೆ ಬಿಟ್ಟು ಬಂದ ಬಂಗಾಳಿಗಳು. ಮುಂದೆ ಹುಟ್ಟಲಿದ್ದ ದೇಶದ ನೌಕಾಪಡೆ ಶುರುವಾಗಿದ್ದೇ ಈ ಎರಡು ದೋಣಿಗಳಿಂದ.

ಡಿಸೆಂಬರ್ ಮೊದಲ ವಾರದಲ್ಲಿ ಈ ಎರಡಕ್ಕೆ ಭಾರತದ ಗಸ್ತು ದೋಣಿ ಐಎನ್‌ಎಸ್ ಪನ್ವೇಲ್ ಜೊತೆಯಾಯಿತು. ಪನ್ವೇಲ್ ಅಂದ್ರೆ ದೊಡ್ಡ ಹಡಗು ಅಂದ್ಕೋಬೇಡಿ. ಸುಮಾರು 30 ಮೀಟರ್ ಉದ್ದ, ಸುಮಾರು 100 ಟನ್ ತೂಕದ ಸೋವಿಯತ್ ದೋಣಿ. ಅದರ ನಾಯಕ ಲೆಫ್ಟಿನೆಂಟ್ ಕಮಾಂಡರ್ ಜೆ.ಪಿ.ಎ. ನೊರೊನ್ಹಾ. ಈ ಪುಟ್ಟ ಪಡೆಗೆ 'ಫೋರ್ಸ್ ಆಲ್ಫಾ' ಅಂತ ಹೆಸರು. ಸಮುದ್ರದ ಕಡೆಯಿಂದ ನದೀಮುಖ ಹೊಕ್ಕು ಮೊಂಗ್ಲಾ ಬಂದರು, ಅಲ್ಲಿಂದ ಮೇಲೆ ಖುಲ್ನಾ, ಇದು ದಾರಿ.

ಆಕಾಶದಲ್ಲಿ ಆಗಲೇ ನಮ್ಮದೇ ವಾಯುಪಡೆ ಓಡಾಡ್ತಾ ಇತ್ತು. ಮೇಲಿಂದ ನೋಡೋನಿಗೆ ನದಿಯಲ್ಲಿರೋ ಯಾವ ದೋಣಿ ಯಾರದ್ದು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ದೋಣಿಗಳ ಮೇಲ್ಭಾಗಕ್ಕೆ ಹಳದಿ ಬಣ್ಣ ಬಳಿಯೋದು, ಹಳದಿ ಕಂಡರೆ ಹೊಡೆಯಬೇಡಿ ಅಂತ ವಾಯುಪಡೆಗೆ ತಿಳಿಸೋದು. ಎರಡೂ ಆಯ್ತು.

1971ರ ಡಿಸೆಂಬರ್ 10. ಬೆಳಿಗ್ಗೆ ಮೊಂಗ್ಲಾ ಕೈಗೆ ಬಂತು. ಅಲ್ಲಿಂದ ಮೂರೂ ದೋಣಿ ಖುಲ್ನಾ ಕಡೆ ಹೊರಟವು. ಮಧ್ಯಾಹ್ನದ ಹೊತ್ತಿಗೆ ಖುಲ್ನಾದ ಹಡಗುಕಟ್ಟೆ ಹತ್ತಿರ ಬಂದಾಗ ತಲೆ ಮೇಲೆ ಮೂರು ವಿಮಾನ ಕಾಣಿಸಿದವು. ಪದ್ಮಾ ಮತ್ತು ಪಲಾಶ್‌ನವರು ಗುಂಡು ಹಾರಿಸೋಕೆ ಅನುಮತಿ ಕೇಳಿದರು. ಬೇಡ, ಅವು ನಮ್ಮವೇ, ಅನ್ನೋ ಉತ್ತರ ಬಂತು. ಆ ಉತ್ತರ ಸರಿಯಾಗಿಯೇ ಇತ್ತು. ಅವು ಭಾರತದ ನ್ಯಾಟ್ ವಿಮಾನಗಳು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗ್ತಿದ್ದ ಜಾತಿಯ ವಿಮಾನ.

ತೋಪಿನ ಹಿಂದೆ ಕೂತವರು ಕೈ ತಡೆದರು. ವಿಮಾನಗಳು ಒಮ್ಮೆಗೇ ಕೆಳಗಿಳಿದು ಪದ್ಮಾಕ್ಕೆ ಹೊಡೆದವು. ಆಮೇಲೆ ಪಲಾಶ್. ಎರಡೂ ದೋಣಿ ಹೋದವು.

ದೋಣಿಯವರಿಗೆ ವಿಮಾನದ ಗುರುತು ಸಿಕ್ಕಿತ್ತು. ವಿಮಾನದವರಿಗೆ ದೋಣಿಯ ಗುರುತು ಸಿಗಲಿಲ್ಲ. ಅದೇ ಬಣ್ಣ ಬಳಿದುಕೊಂಡು ಅದೇ ಸಾಲಿನಲ್ಲಿದ್ದ ಪನ್ವೇಲ್ ಕೂದಲೆಳೆಯಲ್ಲಿ ಉಳಿದುಕೊಂಡಿತು, ನೀರಿಗೆ ಬಿದ್ದವರಲ್ಲಿ ಕೈಗೆ ಸಿಕ್ಕವರನ್ನು ಎತ್ತಿಕೊಂಡಿತು. ಎಲ್ಲರೂ ಸಿಗಲಿಲ್ಲ. ಪದ್ಮಾದಲ್ಲಿದ್ದ ಲೀಡಿಂಗ್ ಸೀಮನ್ ಚಿಮನ್ ಸಿಂಗ್ ಗಾಯಗೊಂಡಿದ್ದರೂ ಜೊತೆಗಾರರನ್ನು ದಡದ ಗುಂಡಿನಿಂದ ಕಾಪಾಡಲು ಹೋಗಿ ತಾವು ಸೆರೆಯಾದರು. ಸಾಮಂತ್, ನೊರೊನ್ಹಾ, ಚಿಮನ್ ಸಿಂಗ್ ಮೂವರಿಗೂ ಮಹಾವೀರ ಚಕ್ರ ಬಂತು. ಪಲಾಶ್‌ನ ಎಂಜಿನ್ ಕೋಣೆಯಲ್ಲಿದ್ದ ಮೊಹಮ್ಮದ್ ರುಹುಲ್ ಅಮೀನ್ ಅವರ ಕಥೆ ಇನ್ನೂ ಕಷ್ಟದ್ದು. ದೋಣಿ ಬಿಡಿ ಅಂತ ಆದೇಶ ಬಂದರೂ ಅವರು ಎಂಜಿನ್ ಬಿಟ್ಟು ಕದಲಲಿಲ್ಲ. ಏಟು ಬಿದ್ದ ಮೇಲೆ, ಮೈಯೆಲ್ಲ ಗಾಯ ಇಟ್ಟುಕೊಂಡು ಈಜಿ ದಡ ಮುಟ್ಟಿದರು. ದಡದಲ್ಲಿ ರಜಾಕಾರರಿದ್ದರು, ಕೊಂದುಹಾಕಿದರು. ಬಾಂಗ್ಲಾದೇಶದ ಅತ್ಯುನ್ನತ ಶೌರ್ಯ ಗೌರವ 'ಬೀರಶ್ರೇಷ್ಠ' ಸಿಕ್ಕಿರೋದು ಏಳೇ ಜನಕ್ಕೆ. ಅವರಲ್ಲಿ ಒಬ್ಬರು ಈ ರುಹುಲ್ ಅಮೀನ್.

ನಿಮ್ಮ ಪ್ರಶ್ನೆ ನನಗೆ ಗೊತ್ತು. ಅಷ್ಟು ದೊಡ್ಡ ಹಳದಿ ಬಣ್ಣ ಕಾಣಲಿಲ್ವಾ? ಪೈಲಟ್‌ಗೆ ಕಣ್ಣಿರಲಿಲ್ವಾ?

ಬನ್ನಿ, ಒಂದು ಸಣ್ಣ ಲೆಕ್ಕ ಮಾಡೋಣ. ಎಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಆಗಲಿ, ನಮ್ಮಪ್ಪನಿಗೂ ಸಮಾಧಾನ. ಜೆಟ್ ವಿಮಾನ ದಾಳಿಗೆ ಇಳಿಯುವಾಗ ಗಂಟೆಗೆ 720 ಕಿಲೋಮೀಟರ್ ವೇಗದಲ್ಲಿದೆ ಅಂತ ಇಟ್ಕೊಳ್ಳಿ. ಅಂದ್ರೆ ಸೆಕೆಂಡಿಗೆ 200 ಮೀಟರ್. ದೋಣಿ 2 ಕಿಲೋಮೀಟರ್ ದೂರದಲ್ಲಿ ಕಣ್ಣಿಗೆ ಬಿದ್ದರೆ, ಅದರ ತಲೆ ಮೇಲೆ ಬರೋಕೆ 10 ಸೆಕೆಂಡು. ಗುರಿ ಹಿಡಿಯಬೇಕು, ಗುಂಡಿ ಒತ್ತಬೇಕು, ವಿಮಾನ ಮೇಲಕ್ಕೆ ಎಳೀಬೇಕು. ಅದೆಲ್ಲ ಕಳೆದರೆ 'ಇವನು ಯಾರು' ಅಂತ ತೀರ್ಮಾನ ಮಾಡೋಕೆ ಉಳಿಯೋದು ಮೂರೋ ನಾಲ್ಕೋ ಸೆಕೆಂಡು. ಈಗ ಬಣ್ಣ. ಹಳದಿ ಪಟ್ಟಿ ನಾಲ್ಕೂವರೆ ಮೀಟರ್ ಅಗಲ ಇದ್ದರೂ 2 ಕಿಲೋಮೀಟರ್‌ನಿಂದ ಅದು ಎಷ್ಟು ಕಾಣುತ್ತೆ ಗೊತ್ತಾ? ಹತ್ತು ಮೀಟರ್ ದೂರದ ಗೋಡೆ ಮೇಲೆ ಅಂಟಿಸಿದ ಒಂದು ರೂಪಾಯಿ ನಾಣ್ಯದಷ್ಟು. ಸುಮ್ಮನೆ ನಿಂತು ನೋಡಿದರೆ ಕಾಣುತ್ತೆ, ಸುಳ್ಳಲ್ಲ. ಆದರೆ ನಿಮ್ಮ ಕುರ್ಚಿ ನಡುಗ್ತಾ ಇರಬೇಕು, ಮುಂದೆ ಗಾಜಿರಬೇಕು, ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣಿಗೆ ಹೊಡೀತಾ ಇರಬೇಕು, ಹಿಂದಿನ ಗೋಡೆ ಕೆಸರು ಬಣ್ಣದ್ದಿರಬೇಕು. ಮನೆಯಲ್ಲಿ ಬೇಕಾದರೆ ಪ್ರಯತ್ನಿಸಿ.

ಕಣ್ಣಿಗಿಂತ ದೊಡ್ಡ ಸಮಸ್ಯೆ ಮನಸ್ಸಿನದ್ದು. ಆ ದಿನ ಖುಲ್ನಾ ಇನ್ನೂ ಪಾಕಿಸ್ತಾನದ ಕೈಯಲ್ಲಿತ್ತು. ಅಲ್ಲಿನ ಪಡೆ ಶರಣಾಗಿದ್ದು ಡಿಸೆಂಬರ್ 17ಕ್ಕೆ, ಢಾಕಾ ಬಿದ್ದ ಮರುದಿನ. ಶತ್ರುವಿನ ಊರಿನ ಪಕ್ಕ, ಶತ್ರುವಿನ ನದಿಯಲ್ಲಿ, ತೋಪು ಹೊತ್ತ ದೋಣಿ ಹೋಗ್ತಾ ಇದೆ. ಅದು ಯಾರದ್ದು ಅನ್ನೋ ಉತ್ತರ ನೋಡೋಕೆ ಮೊದಲೇ ತಲೆಯಲ್ಲಿ ಸಿದ್ಧವಾಗಿರುತ್ತೆ. ಕಣ್ಣು ಅದಕ್ಕೆ ಸಹಿ ಹಾಕುತ್ತೆ, ಅಷ್ಟೇ. ಲೈಬ್ರರಿಯಲ್ಲಿ 'ಬಾಂಗ್ಲಾ' ಅನ್ನೋ ಪದ ನೋಡಿದ ನಮ್ಮ ಹುಡುಗ ಮಾಡಿದ್ದೂ ಇದನ್ನೇ.

ಮೂರನೆಯದು ಸಂದೇಶದ ದಾರಿ. ಇದನ್ನು ನಮ್ಮ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಎಡದಂಡೆ ಕಾಲುವೆಗೆ ನೀರು ಬಿಟ್ಟೆವು ಅಂತ ಅಣೆಕಟ್ಟೆಯಲ್ಲಿ ಘೋಷಣೆ ಆಗುತ್ತೆ, ಕಾಗದದ ಮೇಲೆ ನೀರು ಹರಿದೂ ಹರಿಯುತ್ತೆ. ಕಾಲುವೆಯ ಕೊನೆ ಭಾಗದ ರೈತ ಮಾತ್ರ ಒಣ ಹೊಲದಲ್ಲಿ ನಿಂತು ಮುಗಿಲು ನೋಡ್ತಿರ್ತಾನೆ. ಸಂದೇಶಕ್ಕೂ ಒಂದು ಕೊನೆ ಭಾಗ ಇರುತ್ತೆ. ದೋಣಿಯಿಂದ ನೌಕಾಪಡೆಯ ಕಚೇರಿ, ಅಲ್ಲಿಂದ ವಾಯುಪಡೆಯ ಕಚೇರಿ, ಅಲ್ಲಿಂದ ವಿಮಾನನೆಲೆ, ಅಲ್ಲಿಂದ ಸ್ಕ್ವಾಡ್ರನ್, ಅಲ್ಲಿಂದ ಆ ಮಧ್ಯಾಹ್ನ ಕಾಕ್‌ಪಿಟ್‌ನಲ್ಲಿ ಕೂತ ವ್ಯಕ್ತಿ. 'ವಾಯುಪಡೆಗೆ ತಿಳಿಸಲಾಗಿತ್ತು' ಅನ್ನೋ ಒಂದು ವಾಕ್ಯದೊಳಗೆ ಇಷ್ಟು ತೂಬುಗಳಿವೆ. ಯಾವ ತೂಬು ಮುಚ್ಚಿದ್ದರೂ ದೋಣಿಯವನಿಗೆ ಗೊತ್ತಾಗಲ್ಲ. ಅವನ ಪ್ರಕಾರ ಬಣ್ಣ ಬಳಿದಾಗಿದೆ, ಹೇಳಿ ಆಗಿದೆ. ನೇರವಾಗಿ ವಿಮಾನದ ಜೊತೆ ಮಾತಾಡೋಕೆ ಇಬ್ಬರ ರೇಡಿಯೋನೂ ಒಂದೇ ತರಂಗದಲ್ಲಿ ಇರಬೇಕು.

ಇಂಥ ಎಡವಟ್ಟು ನಮ್ಮದೊಂದೇ ಪಡೆಯದ್ದಲ್ಲ. ಕಾರವಾರಕ್ಕೆ ಹೋದವರು ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರೋ ಐಎನ್‌ಎಸ್ ಚಪಲ್ ನೋಡಿರ್ತೀರಿ. 40 ಮೀಟರ್ ಕೂಡ ಇಲ್ಲದ ಕ್ಷಿಪಣಿ ದೋಣಿ. ಅದೇ ಜಾತಿಯ ದೋಣಿಗಳು 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಹತ್ತಿರ ಹೋಗಿ ಪಿಎನ್‌ಎಸ್ ಖೈಬರ್ ಮತ್ತು ಮುಹಾಫಿಜ್ ಹಡಗುಗಳನ್ನು ಮುಳುಗಿಸಿ ಬಂದವು. ಪಾಕಿಸ್ತಾನದವರಿಗೆ ಆಮೇಲೆ ಎಲ್ಲಿ ನೋಡಿದರೂ ಭಾರತದ ಕ್ಷಿಪಣಿ ದೋಣಿಯೇ. ಡಿಸೆಂಬರ್ 6ರಂದು ಅವರ ಸೇಬರ್ ವಿಮಾನಗಳು ಅಂಥದೊಂದು 'ದೋಣಿ'ಯನ್ನು ಹಿಡಿದು ಗುಂಡಿನ ಮಳೆ ಸುರಿಸಿದವು. ಅದು ಅವರದೇ ಫ್ರಿಗೇಟ್, ಪಿಎನ್‌ಎಸ್ ಜುಲ್ಫಿಕರ್. ಉದ್ದ 90 ಮೀಟರ್ ಮೇಲೆ. ಚಪಲ್‌ನಂಥ ಎರಡು ದೋಣಿ ಸಾಲಾಗಿ ನಿಲ್ಲಿಸಿದರೂ ಅದಕ್ಕಿಂತ ಕಡಿಮೆ. ಭಯ ಅನ್ನೋದು ಹಡಗಿನ ಅಳತೆಯನ್ನೂ ಕುಗ್ಗಿಸಿಬಿಡುತ್ತೆ ನೋಡಿ. ಅಂದಹಾಗೆ ಈ ಜುಲ್ಫಿಕರ್ ದೇಶ ಒಡೆಯೋ ಮೊದಲು ನಮ್ಮ ನೌಕಾಪಡೆಯಲ್ಲೇ ಇತ್ತು, ಆಗ ಅದರ ಹೆಸರು ಧನುಷ್.

ಹಾಗಾದ್ರೆ ಬಣ್ಣ ಬಿಟ್ಟು ಬೇರೆ ಉಪಾಯ ಇಲ್ವಾ? ಇದೆ. ಎರಡನೇ ಮಹಾಯುದ್ಧದಿಂದಲೂ ಇದೆ. ಐಎಫ್‌ಎಫ್ ಅಂತಾರೆ, ಮಿತ್ರನೋ ಶತ್ರುವೋ ಗುರುತಿಸೋ ಉಪಕರಣ. ನೆಲದ ರೇಡಾರ್ 1030 ಮೆಗಾಹರ್ಟ್ಸ್‌ನಲ್ಲಿ 'ಯಾರು ನೀನು' ಅಂತ ಕೂಗುತ್ತೆ, ವಿಮಾನದಲ್ಲಿರೋ ಪೆಟ್ಟಿಗೆ 1090ರಲ್ಲಿ ಗುಟ್ಟಿನ ಉತ್ತರ ಕೊಡುತ್ತೆ. ಉತ್ತರ ಸರಿ ಇದ್ರೆ ನಮ್ಮವನು. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಉತ್ತರ ಬರದಿದ್ದರೆ ಆ ಉಪಕರಣ 'ಶತ್ರು' ಅನ್ನೋದಿಲ್ಲ. 'ಗೊತ್ತಿಲ್ಲ' ಅನ್ನುತ್ತೆ. ಗೊತ್ತಿಲ್ಲದವನನ್ನು ಶತ್ರು ಮಾಡೋದು ಪರದೆ ಮುಂದೆ ಕೂತ ಮನುಷ್ಯ.

ಗೊತ್ತಿಲ್ಲ ಅನ್ನೋ ಉತ್ತರದ ಜೊತೆ ತಾಳ್ಮೆಯಿಂದ ಇರೋದು ನಮ್ಮ ಮಸ್ಕಿ ಬಂಡೆಯನ್ನು ಓದಿದವರಿಗೆ ಗೊತ್ತಿತ್ತು. 1837ರ ಸುಮಾರಿಗೆ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿ ಓದಿದಾಗ ಶಾಸನಗಳಲ್ಲಿ ಕಂಡಿದ್ದು 'ದೇವಾನಾಂಪ್ರಿಯ' ಅನ್ನೋ ಬಿರುದು. ಯಾರವನು? ಮೊದಲು ಸಿಂಹಳದ ರಾಜ ಅಂದ್ಕೊಂಡರು. ಅಶೋಕ ಇರಬೇಕು ಅನ್ನೋ ತರ್ಕ ಬೇಗ ಬಂತು, ಆದರೆ ಕಲ್ಲಿನ ಮೇಲಿನ ಹೆಸರಿಗಾಗಿ ಕಾಯಬೇಕಾಯ್ತು. 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಬೀಡನ್ ಅನ್ನೋ ಗಣಿ ಎಂಜಿನಿಯರ್‌ಗೆ ಮಸ್ಕಿಯ ಗುಡ್ಡದಲ್ಲಿ ಶಾಸನ ಸಿಕ್ಕಿತು, ಬಿರುದಿನ ಜೊತೆ ಅಶೋಕ ಅನ್ನೋ ಹೆಸರು ಸಿಕ್ಕಿತು. ಮಸ್ಕಿ ಆಗ ಲಿಂಗಸುಗೂರು ತಾಲ್ಲೂಕು, ನಿಜಾಮರ ಸೀಮೆ. ಊರ ಹೆಮ್ಮೆ ಸ್ವಲ್ಪ ಹೊರಗೆ ಬಂತು, ಇರಲಿ ಬಿಡಿ. ವಿದ್ವಾಂಸರ ಹತ್ತಿರ ಮುಕ್ಕಾಲು ಶತಮಾನ ಇತ್ತು. ನ್ಯಾಟ್ ಪೈಲಟ್ ಹತ್ತಿರ ಮೂರೋ ನಾಲ್ಕೋ ಸೆಕೆಂಡು.

ಇದೆಲ್ಲ ಹಳೇ ಕಾಲದ ಮಾತು, ಈಗ ಕಂಪ್ಯೂಟರ್ ಇದೆ ಅಂತೀರಾ? 2019ರ ಫೆಬ್ರವರಿ 27. ಬಾಲಾಕೋಟ್ ದಾಳಿಯ ಮರುದಿನ. ಪಾಕಿಸ್ತಾನದ ವಿಮಾನಗಳು ಗಡಿ ಹತ್ತಿರ ಬಂದಿದ್ದ ಹೊತ್ತು. ಕಾಶ್ಮೀರದ ಬಡ್ಗಾಮ್‌ನಲ್ಲಿ ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಿತ್ತು. ವಾಯುಪಡೆಯ ಆರು ಜನ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಆ ಬೆಳಿಗ್ಗೆ ನಾನು ಸ್ಟುಡಿಯೋದಲ್ಲಿದ್ದೆ. ಮೊದಲು 'ಪತನ' ಅಂದೆವು, ಆಮೇಲೆ 'ತಾಂತ್ರಿಕ ದೋಷ?' ಅಂದೆವು, ಮಧ್ಯೆ ಒಂದಷ್ಟು ಹೊತ್ತು ಪಾಕಿಸ್ತಾನದ ಕೈವಾಡ ಅನ್ನೋ ಪ್ರಶ್ನೆ ಚಿಹ್ನೆಯನ್ನೂ ಓಡಿಸಿದೆವು. ಪ್ರಶ್ನೆ ಚಿಹ್ನೆ ಹಾಕಿದರೆ ನಮ್ಮ ಕಸುಬಿನಲ್ಲಿ ಏನು ಬೇಕಾದರೂ ಹೇಳಬಹುದು ಅಂದ್ಕೊಂಡಿದೀವಿ. ಅಕ್ಟೋಬರ್ 4ರಂದು ವಾಯುಪಡೆಯ ಮುಖ್ಯಸ್ಥರಾಗಿದ್ದ ಆರ್.ಕೆ.ಎಸ್. ಭದೌರಿಯಾ ಪತ್ರಿಕಾಗೋಷ್ಠಿಯಲ್ಲೇ ಒಪ್ಪಿಕೊಂಡರು: ಹೊಡೆದದ್ದು ನಮ್ಮದೇ ಕ್ಷಿಪಣಿ, ಅದು ನಮ್ಮ ದೊಡ್ಡ ತಪ್ಪು. ಫೆಬ್ರವರಿಯಲ್ಲಿ ಗಂಟೆಗಟ್ಟಲೆ ಊಹೆಗೆ ಸಮಯ ಕೊಟ್ಟಿದ್ದ ನಾನು ಅಕ್ಟೋಬರ್‌ನಲ್ಲಿ ಈ ಸುದ್ದಿಯನ್ನು ಓದಿದ್ದು ಒಂದು ನಿಮಿಷಕ್ಕೂ ಕಡಿಮೆ.

ರೂಪ್ಸಾದ ಮೇಲೆ ಹಾರಿದ ಪೈಲಟ್‌ಗಳನ್ನು ಬೈಯೋ ಯೋಗ್ಯತೆ ನನಗಿಲ್ಲ. ಅವರಿಗೆ ಯುದ್ಧ ಇತ್ತು, ತಲೆ ಮೇಲೆ ಸಾವಿತ್ತು. ನನಗೆ ಇದ್ದದ್ದು ಎಸಿ ಕೋಣೆ, ಮುಂದಿನ ಜಾಹೀರಾತು ಬರೋವರೆಗೆ ಎಂಟು ನಿಮಿಷ.

ಸಿಂಧನೂರಿನಿಂದ ಬಂದ ಮರುವಾರ ನಮ್ಮ ಲೈಬ್ರರಿಯವರ ಹತ್ತಿರ ಕೂತು ಆ ದೃಶ್ಯ ಹುಡುಕಿಸಿದೆ. ಫೈಲಿನ ಹೆಸರು ಹಾಗೇ ಇತ್ತು: 'ಬಾಂಗ್ಲಾ ಕ್ಯಾಂಪ್'. ತೆಗೆದ ದಿನಾಂಕ ಇಲ್ಲ, ಊರ ಹೆಸರಿಲ್ಲ. ಅದು ದುರ್ಗಾಪೂಜೆಯ ವರದಿಗೆ ಅಂತ ತೆಗೆದ ದೃಶ್ಯ. ಮುಂದಕ್ಕೆ ಓಡಿಸಿದರೆ ಪೆಂಡಾಲು, ಡೋಲು, ಹೊಸ ಬಟ್ಟೆ ಹಾಕ್ಕೊಂಡ ಮಕ್ಕಳು ಎಲ್ಲ ಇತ್ತು. ಚರ್ಚೆಗೆ ಬಳಸಿದ್ದು ಮೊದಲ ಹನ್ನೊಂದು ಸೆಕೆಂಡು ಮಾತ್ರ, ಖಾಲಿ ಓಣಿ. ಹೆಸರು ಬದಲಿಸಿ 'ಸಿಂಧನೂರು ಆರ್.ಎಚ್. ಕ್ಯಾಂಪ್, ದುರ್ಗಾಪೂಜೆ' ಅಂತ ಬರೆಸಿದೆ. ಅಜ್ಜನಿಗೆ ಫೋನ್ ಮಾಡಿ ಹೇಳಿದೆ, ಪದ್ಮಾ, ಪಲಾಶ್ ಬಗ್ಗೆ ಓದಿದ್ದನ್ನೂ ಹೇಳಿದೆ.

"ಓದಿದ್ರಲ್ಲ, ಚಲೋ ಆತು" ಅಂದರು. ಆಮೇಲೆ ಕೇಳಿದರು: "ಟಿವಿಯೊಳಗ ಯಾವಾಗ ಹೇಳ್ತೀರಿ, ತಮ್ಮಾ?"